ಮಂಗಳವಾರದ ವ್ಯಾನಿನಲ್ಲಿ ದೂರಿನ ಪಾಠ

ನಮ್ಮೂರು ಸೇಂಟ್ ವೆಂಡೆಲಿನಲ್ಲಿ ಯಾರನ್ನು ಹೇಗಿದ್ದೀರಿ ಎಂದು ಕೇಳಿದರೂ ಸಿಗುವ ಉತ್ತರ ಒಂದೇ: ದೂರೋಕೆ ಏನಿಲ್ಲ. ಆಲಿಕಲ್ಲು ಬಿದ್ದು ಗೋಧಿ ನೆಲಕ್ಕೆ ಮಲಗಿದ ಮರುದಿನವೂ ಅದೇ, ಹೆಂಡತಿಯನ್ನು ಮಣ್ಣು ಮಾಡಿ ಬಂದ ವಾರದಲ್ಲೂ ಅದೇ. ನಮ್ಮ ದೊಡ್ಡಪ್ಪನ ಪಾದದ ಮೇಲೆ ಟ್ರ್ಯಾಕ್ಟರಿನ ಹಿಂದಿನ ಗಾಲಿ ಹತ್ತಿದಾಗ, ಓಡಿಬಂದವರಿಗೆ ಅವರು ಹೇಳಿದ್ದು, ಪರವಾಗಿಲ್ಲ, ಊಟ ಮುಗಿಸಿಕೊಂಡೇ ಬನ್ನಿ ಎಂದು. ವೋಲ್ಗಾ ನದಿಯ ಕಡೆಯಿಂದ ಕಾನ್ಸಾಸಿಗೆ ಬಂದ ನಮ್ಮ ಜರ್ಮನ್ ಮುತ್ತಜ್ಜಂದಿರು ಗೋಧಿ ಬೀಜದ ಜೊತೆಗೆ ಈ ಉತ್ತರವನ್ನೂ ಗಂಟಿನಲ್ಲಿ ಕಟ್ಟಿಕೊಂಡು ಬಂದಿರಬೇಕು.

ಈ ಗುಣದಿಂದ ನಮ್ಮ ಮಾಜಿ ಸೈನಿಕರಿಗೆ ಎಷ್ಟು ತೊಂದರೆಯಾಗಿದೆ ಎಂಬುದು ನನಗೆ ಗೊತ್ತು. ಜಿಲ್ಲಾ ಕೋರ್ಟಿನ ನೆಲಮಾಳಿಗೆಯಲ್ಲಿರುವ ಮಾಜಿ ಸೈನಿಕರ ನೆರವು ಕಚೇರಿಯಲ್ಲಿ ಅವರ ಪರಿಹಾರದ ಅರ್ಜಿ ತುಂಬಿಸುವುದು ನನ್ನ ಕೆಲಸ. ನಾರ್ಬರ್ಟ್ ಲೈಕರ್ ಎಂಬವರು ಸೈನ್ಯದಲ್ಲಿ ವಿಮಾನದಿಂದ ಪ್ಯಾರಾಶೂಟಿನಲ್ಲಿ ಹಾರುತ್ತಿದ್ದವರು. ಎರಡೂ ಮಂಡಿ ಸವೆದು ಹೋಗಿವೆ. ಅವರಿಂದ ಅರ್ಜಿ ಹಾಕಿಸಲು ನನಗೆ ಎರಡು ವರ್ಷ ಹಿಡಿಯಿತು. ಪರೀಕ್ಷೆಗೆ ಕರೆದ ಡಾಕ್ಟರು ಹೇಗಿದ್ದೀರಿ ಎಂದರು. ನಾರ್ಬರ್ಟ್ ದೂರೋಕೆ ಏನಿಲ್ಲ ಎಂದರು. ಮಂಡಿ ಹೇಗಿವೆ ಎಂದರೆ, ಇನ್ನೂ ನನ್ನ ಕೆಳಗೇ ಇವೆ ಎಂದರು. ಡಾಕ್ಟರು ಕೇಳಿದ್ದನ್ನು ಬರೆದುಕೊಂಡರು. ಅರ್ಜಿ ತಿರಸ್ಕಾರವಾಯಿತು. ಆ ಕಾಗದವನ್ನು ನನಗೆ ತೋರಿಸಲು ನಾರ್ಬರ್ಟ್ ನೆಲಮಾಳಿಗೆಯ ಹದಿನಾಲ್ಕು ಮೆಟ್ಟಿಲನ್ನು ಕಂಬಿ ಹಿಡಿದು, ಒಂದೊಂದಕ್ಕೂ ನಿಂತು ಇಳಿದು ಬಂದರು. ಕುಳಿತು ಉಸಿರು ಬಿಟ್ಟು, ಡಾಕ್ಟರು ತುಂಬ ಒಳ್ಳೆಯವರು ಎಂದರು.

ಅದನ್ನು ಕೇಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದವರು ಲಿಯಾಂಡರ್ ಡ್ರೈಲಿಂಗ್. ಆಗಿನಿಂದ ಅವರ ವ್ಯಾನಿನಲ್ಲಿ ಪಾಠ ಶುರುವಾಯಿತು.

ಲಿಯಾಂಡರನಿಗೆ ಎಪ್ಪತ್ತೇಳು ವರ್ಷ. ಊರಿನ ವಿದ್ಯುತ್ ಸಹಕಾರ ಸಂಘದಲ್ಲಿ ಮೂವತ್ನಾಲ್ಕು ವರ್ಷ ಕಂಬ ಹತ್ತಿದ ಮನುಷ್ಯ. ಹಿಮ ಬಿದ್ದು ತಂತಿ ಹರಿದ ಚಳಿಗಾಲಗಳಲ್ಲಿ ಅವರು ಯಾರ ಮನೆಗೆ ಮೊದಲು ದೀಪ ಕೊಟ್ಟರು, ಯಾರ ಮನೆಗೆ ಕೊನೆಗೆ ಕೊಟ್ಟರು ಎಂಬುದು ಊರಿನ ಮುದುಕಿಯರಿಗೆ ಇನ್ನೂ ನೆನಪಿದೆ. ಕೆಲವರು ಕ್ಷಮಿಸಿಯೂ ಇಲ್ಲ. ನಿವೃತ್ತಿಯಾದ ಮೇಲೆ ಹನ್ನೊಂದು ವರ್ಷದಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಆರಕ್ಕೆ ಕೋರ್ಟಿನ ಎದುರಿನಿಂದ ಬಿಳಿ ವ್ಯಾನು ತೆಗೆದು, ಮಾಜಿ ಸೈನಿಕರನ್ನು ವಿಚಿಟಾದ ದೊಡ್ಡಾಸ್ಪತ್ರೆಗೆ ಒಯ್ಯುತ್ತಾರೆ. ಮೂರು ಗಂಟೆಯ ದಾರಿ. ಸಂಬಳವಿಲ್ಲ. ಅವರ ಹೆಂಡತಿ ಬರ್ನಿಟಾ ಎಲ್ಲರಿಗೂ ಬಿಯರಾಕ್ ಕಟ್ಟಿ ಕಳಿಸುತ್ತಾರೆ. ಎಲೆಕೋಸು, ಕೈಮಾ ತುಂಬಿದ ಬನ್ನು. ಅದಕ್ಕಾಗಿಯೇ ಕಾಯಿಲೆ ಹುಡುಕಿಕೊಂಡವರೂ ನಮ್ಮೂರಲ್ಲಿ ಇದ್ದಾರೆ ಎಂದು ಒಂದು ಮಾತಿದೆ.

ವ್ಯಾನಿನ ಮುಂದಿನ ಸೀಟು ಮಗಳು ಮೋನಿಕಾಳದ್ದು. ಅವಳಿಗೆ ನಲವತ್ತೊಂದು. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಕಿರಾಣಿ ಅಂಗಡಿಯಲ್ಲಿ ವಾರಕ್ಕೆ ನಾಲ್ಕು ದಿನ ಗಿರಾಕಿಗಳ ಸಾಮಾನು ಚೀಲಕ್ಕೆ ತುಂಬುತ್ತಾಳೆ, ಮೊಟ್ಟೆಯ ಮೇಲೆ ಡಬ್ಬಿ ಇಡಲು ಹೋದವರಿಗೆ ಗದರುತ್ತಾಳೆ. ಮಂಗಳವಾರ ಅವಳು ಆಸ್ಪತ್ರೆಯ ಅಧಿಕೃತ ಸ್ವಯಂಸೇವಕಿ. ಕೊರಳಲ್ಲಿ ಫೋಟೋ ಇರುವ ಬಿಲ್ಲೆ, ಕೈಯಲ್ಲಿ ಹೆಸರಿನ ಪಟ್ಟಿ. ಬೆಲ್ಟು ಹಾಕದವನ ಹೆಸರಿನ ಮುಂದೆ ಅವಳು ಗುರುತು ಹಾಕುವುದಿಲ್ಲ, ಗುರುತು ಬೀಳದೆ ಲಿಯಾಂಡರ್ ಗಾಡಿ ತೆಗೆಯುವುದಿಲ್ಲ.

ಊರು ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಪಾಠ. ಲಿಯಾಂಡರ್ ಕನ್ನಡಿಯಲ್ಲಿ ಒಬ್ಬೊಬ್ಬರನ್ನೇ ನೋಡಿ, ನಾನೀಗ ಡಾಕ್ಟರು, ಹೇಗಿದ್ದೀರಿ ಎಂದು ಕೇಳುತ್ತಾರೆ. ಪರವಾಗಿಲ್ಲ ಎಂದವನಿಗೆ ಮತ್ತೆ ಮೊದಲಿನಿಂದ. ಎಲ್ಲಿ ನೋವು, ಎಂದಿನಿಂದ ನೋವು, ಅದರಿಂದ ಯಾವ ಕೆಲಸ ಮಾಡಲಾಗುತ್ತಿಲ್ಲ. ಈ ಮೂರನ್ನೂ ಬಾಯಿಬಿಟ್ಟು ಹೇಳಬೇಕು. ಹೆಚ್ಚು ಮಾಡಿ ಹೇಳುವಂತಿಲ್ಲ, ಅದು ಪಾಪ. ಕಡಿಮೆ ಮಾಡಿ ಹೇಳುವಂತೆಯೂ ಇಲ್ಲ, ಅದೂ ಸುಳ್ಳೇ ಎಂದು ಲಿಯಾಂಡರನ ವಾದ. ಇರಾಕಿನಲ್ಲಿ ಬೆನ್ನು ಮುರಿದುಕೊಂಡು ಬಂದ ಕ್ರಿಸ್ಟಾ ಎಂಬ ಹೆಣ್ಣುಮಗಳು ಎರಡನೇ ವಾರಕ್ಕೇ ಪಾಠ ಒಪ್ಪಿಸಿದಳು. ನಾರ್ಬರ್ಟಿಗೆ ಐದು ತಿಂಗಳು ಬೇಕಾಯಿತು. ಚರ್ಚಿನಲ್ಲಿ ಮಂಡಿಯೂರಿದರೆ ಏಳಲಿಕ್ಕಾಗುವುದಿಲ್ಲ ಎಂದು ಅವರು ಕೊನೆಗೂ ಹೇಳಿದಾಗ ವ್ಯಾನಿನಲ್ಲಿ ಚಪ್ಪಾಳೆ ಬಿತ್ತು. ಎರಡನೇ ಅರ್ಜಿ ಮಂಜೂರಾಯಿತು.

ಲಿಯಾಂಡರನ ರಾಜಕೀಯ ಕಂಬದಷ್ಟೇ ನೇರ. ಸರ್ಕಾರ ಚಿಕ್ಕದಿರಬೇಕು, ತೆರಿಗೆ ಕಡಿಮೆ ಇರಬೇಕು, ಗಡಿ ಗಡಿಯಂತಿರಬೇಕು, ಹೊಟ್ಟೆಯಲ್ಲಿರುವ ಮಗುವಿನ ತಂಟೆಗೆ ಯಾರೂ ಹೋಗಬಾರದು. ರಿಪಬ್ಲಿಕನ್ ಪಕ್ಷ ಬಿಟ್ಟು ಬೇರೆಯದಕ್ಕೆ ಅವರು ವೋಟು ಹಾಕಿದ್ದು ಒಮ್ಮೆ ಮಾತ್ರ. ಆ ಅಭ್ಯರ್ಥಿ ಅವರ ಸೋದರಮಾವ. ಸೋತರು.

ಅವರ ಎದುರಾಳಿ ಕ್ಲೀತಸ್ ವೆರ್ತ್ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ರೈಲ್ವೆಯಲ್ಲಿ ದುಡಿದವರು, ಯೂನಿಯನ್ನಿನ ಕಾರ್ಡು ಇನ್ನೂ ಕಿಸೆಯಲ್ಲಿ. ಜಿಲ್ಲೆಯ ಡೆಮಾಕ್ರಟಿಕ್ ಪಕ್ಷದ ಸಭೆಗೆ ಒಂದು ಬೆಂಚು ಸಾಕಾಗುತ್ತದೆ ಎಂದು ತಾವೇ ಹೇಳಿಕೊಂಡು ನಗುವವರು. ಇಬ್ಬರೂ ಒಂದೇ ವರ್ಷ ಸೈನ್ಯಕ್ಕೆ ಸೇರಿದ್ದು, ಒಂದೇ ವರ್ಷ ವಿಯೆಟ್ನಾಮಿನಲ್ಲಿ ಇದ್ದದ್ದು. ಅಲ್ಲಿ ಲಿಯಾಂಡರ್ ಟ್ಯಾಂಕರ್ ಲಾರಿ ಓಡಿಸುತ್ತಿದ್ದರು. ಅದಕ್ಕೆಂದೇ ಕ್ಲೀತಸ್ ಲಿಯಾಂಡರನನ್ನು ಗೇಲಿಗೆ ಜನರಲ್ ಎಂದು ಕರೆಯುವುದು.

ಕಳೆದ ವರ್ಷ ವಾಷಿಂಗ್ಟನ್ನಿನಲ್ಲಿ ಸರ್ಕಾರಿ ನೌಕರರನ್ನು ಕಡಿಮೆ ಮಾಡುವ ಮಾತು ಎದ್ದಾಗ ಲಿಯಾಂಡರ್ ಮೊದಲು ಖುಷಿಪಟ್ಟರು. ಒಂದು ಮುದ್ರೆ ಒತ್ತಲು ಇಬ್ಬರು ಕೂತಿರುವ ಮೇಜುಗಳು ಹೋಗಲಿ ಎಂದರು. ಮಾಜಿ ಸೈನಿಕರ ಆಸ್ಪತ್ರೆಗಳ ಮೇಜುಗಳೂ ಆ ಮಾತಿನಲ್ಲಿ ಇವೆ ಎಂದು ಕ್ಲೀತಸ್ ಪತ್ರಿಕೆ ಬಿಡಿಸಿ ಜೋರಾಗಿ ಓದಿದರು. ಇಪ್ಪತ್ತು ಮೈಲಿ ದಾಟಿದ ಮೇಲೆ ಲಿಯಾಂಡರ್ ಕನ್ನಡಿ ನೋಡಿ ಹೇಳಿದರಂತೆ, "ಪಕ್ಷಕ್ಕೆ ನಾನು ವೋಟು ಕೊಟ್ಟಿದೀನಿ ಕಣೋ, ಕಣ್ಣು ಕೊಟ್ಟಿಲ್ಲ."

ಆ ವಾರವೇ ನಮ್ಮ ಸಂಸದರಿಗೆ ಕೈಬರಹದಲ್ಲಿ ಎರಡು ಪುಟ ಕಾಗದ ಬರೆದರು. ಕಳಿಸುವ ಮೊದಲು ನನಗೆ ತೋರಿಸಿದ್ದರಿಂದ ಅದರ ಸಾರ ಬಲ್ಲೆ. ಬಡವನಿಗೆ ಕೊಡುವುದು ದಾನ, ಅದನ್ನು ಚರ್ಚು ಮಾಡಲಿ, ನೆರೆಯವರು ಮಾಡಲಿ. ಸೈನಿಕನಿಗೆ ಕೊಡುವುದು ದಾನವಲ್ಲ, ಸಹಿ ಹಾಕಿದ ಒಪ್ಪಂದ. ಹದಿನೆಂಟು ವರ್ಷದ ಹುಡುಗ ತನ್ನ ಪಾಲಿನ ಸಹಿ ಹಾಕಿ, ಹೇಳಿದ ಕಡೆ ಹೋಗಿ, ಹೇಳಿದ್ದು ಮಾಡಿ ಬಂದ. ಕೊಟ್ಟ ಮಾತನ್ನು ಉಳಿಸಿಕೊಳ್ಳದವನು ತನ್ನನ್ನು ಸಂಪ್ರದಾಯವಾದಿ ಎಂದು ಕರೆದುಕೊಳ್ಳುವುದು ಹೇಗೆ? ಒಳ್ಳೆಯ ಕಾಗದ. ಆರು ವಾರದ ಮೇಲೆ ಅಚ್ಚಾದ ಉತ್ತರ ಬಂತು. ಕೃಷಿಯ ಬಗ್ಗೆ ಅಭಿಪ್ರಾಯ ತಿಳಿಸಿದ್ದಕ್ಕೆ ಧನ್ಯವಾದ ಎಂದಿತ್ತು. ಆ ಉತ್ತರವನ್ನು ಅವರು ಕ್ಲೀತಸನಿಗೆ ತೋರಿಸಲಿಲ್ಲ. ಮೋನಿಕಾ ತೋರಿಸಿದಳು.

ಇನ್ನು ಜೀವದ ವಿಷಯ. ಮೋನಿಕಾ ಹುಟ್ಟಿದ ಮರುದಿನ ಬೇರೊಂದು ಊರಿನಿಂದ ಬಂದಿದ್ದ ಡಾಕ್ಟರೊಬ್ಬರು ಲಿಯಾಂಡರನನ್ನು ಹೊರಗೆ ಕರೆದು, ಇಂಥ ಮಕ್ಕಳಿಗಾಗಿ ಸಂಸ್ಥೆಗಳಿವೆ, ಹೆಂಡತಿ ಮಗುವನ್ನು ಹಚ್ಚಿಕೊಳ್ಳುವ ಮೊದಲೇ ಯೋಚಿಸಿ, ಈ ಮಗು ಮುಂದೆ ಯಾವ ಕೆಲಸಕ್ಕೂ ಬರುವುದಿಲ್ಲ ಎಂದರಂತೆ. ಲಿಯಾಂಡರ್ ಏನು ಉತ್ತರ ಕೊಟ್ಟರೋ ತಿಳಿಯದು. ಕೊಟ್ಟಿರಲಾರರು, ನಮ್ಮೂರಿನವರು ಡಾಕ್ಟರಿಗೆ ಎದುರು ಮಾತಾಡುವುದಿಲ್ಲ. ಆದರೆ ಮುಂದಿನ ಜನವರಿಯಿಂದ ಅವರು ಪ್ರತಿ ವರ್ಷ ರಾಜಧಾನಿ ಟೊಪೀಕಾಕ್ಕೆ ಹೋಗಿ, ಮೂಗು ಹೆಪ್ಪುಗಟ್ಟುವ ಚಳಿಯಲ್ಲಿ ಗರ್ಭಪಾತ ವಿರೋಧಿ ಮೆರವಣಿಗೆಯಲ್ಲಿ ಫಲಕ ಹಿಡಿದು ನಡೆಯುತ್ತಾರೆ. ಪ್ರತಿ ಜೀವವೂ ದೇವರ ಕೊಡುಗೆ ಎಂದು ಅದರಲ್ಲಿರುತ್ತದೆ. ಅಕ್ಷರ ಬರ್ನಿಟಾಳದ್ದು. ಕೆಲವು ವರ್ಷದ ಹಿಂದೆ ಇದೇ ವಿಷಯಕ್ಕೆ ನಡೆದ ರಾಜ್ಯದ ಮತದಾನದಲ್ಲಿ ಅವರ ಕಡೆ ಸೋತಾಗ ಊರಿನವರೆಲ್ಲ ಅಂಗಳದ ಫಲಕ ಕಿತ್ತು ಒಳಗಿಟ್ಟರೂ ಲಿಯಾಂಡರ್ ಕೀಳಲಿಲ್ಲ. ಗಾಳಿ ಬಂದು ಕಿತ್ತುಕೊಂಡು ಹೋಯಿತು.

ನಿಮ್ಮ ಪಕ್ಷಕ್ಕೆ ಮಗುವಿನ ಮೇಲೆ ಪ್ರೀತಿ ಅದು ಹುಟ್ಟುವವರೆಗೆ ಮಾತ್ರ ಎಂದು ಕ್ಲೀತಸ್ ಒಮ್ಮೆ ಚುಚ್ಚಿದರು. ಲಿಯಾಂಡರ್ ವಾದ ಮಾಡಲಿಲ್ಲ. ಶನಿವಾರ ಸ್ಪ್ಯಾನರು ಹಿಡಿದು ಬಾ ಎಂದರು. ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸ ಮಾಡುವ, ಗಂಡನಿಲ್ಲದ ಎಳೆಯ ಬಾಣಂತಿಯೊಬ್ಬಳ ಬಾಡಿಗೆ ಮನೆಯಲ್ಲಿ ಹೀಟರು ಕೆಟ್ಟಿತ್ತು. ಇಬ್ಬರು ಮುದುಕರೂ ಇಡೀ ದಿನ ಅದರ ಕೆಳಗೆ ಮಲಗಿ, ರಾಜಕೀಯ ಜಗಳವಾಡುತ್ತ ರಿಪೇರಿ ಮಾಡಿದರು. ಮಗು ನಿದ್ದೆ ಮಾಡಲಿಲ್ಲ ಎಂಬುದೊಂದೇ ಆ ತಾಯಿಯ ತಕರಾರು.

ಇಷ್ಟೆಲ್ಲ ತಿಳಿದ ಮನುಷ್ಯನಿಗೆ ಕಳೆದ ಶರತ್ಕಾಲದಿಂದ ಉಸಿರು ಸಾಲದಾಯಿತು.

ಅವರು ಹೇಳಲಿಲ್ಲ. ಹೇಳಿದ್ದು ಅವರ ಬೂಟು. ಪಾದ ಊದಿ ಲೇಸು ಕಟ್ಟಲಾಗದೆ ಬಿಟ್ಟುಕೊಂಡು ಓಡಾಡುತ್ತಿದ್ದರು. ಫೆಬ್ರವರಿಯಲ್ಲಿ ಒಬ್ಬ ಸೈನಿಕನ ಅಂತ್ಯಕ್ರಿಯೆಯಲ್ಲಿ ಗೌರವದ ಗುಂಡು ಹಾರಿಸುವ ಸಾಲಿಗೆ ಅವರೇ ಮುಖ್ಯಸ್ಥರು. ಮೂರನೆಯ ಸುತ್ತಿನ ಹೊತ್ತಿಗೆ ಪಕ್ಕದ ಸಮಾಧಿಕಲ್ಲಿನ ಮೇಲೆ ಕುಳಿತೇ ಆಜ್ಞೆ ಕೊಟ್ಟರು. ಕಲ್ಲು ಅವರ ಚಿಕ್ಕಪ್ಪನದ್ದು, ಅದಕ್ಕೆ ಯಾರೂ ತಪ್ಪು ತಿಳಿಯಲಿಲ್ಲ. ಬರ್ನಿಟಾ ಕೇಳಿದರೆ ಶೀತ ಎಂದರು. ಚರ್ಚಿನ ಫಾದರ್ ಕ್ವಿಂಟಿನ್ ಕೇಳಿದರೆ ವಯಸ್ಸು ಎಂದರು.

ನಾನೂ ಕೇಳಿದೆ. ವಿಯೆಟ್ನಾಮಿನಲ್ಲಿ ಕಾಡು ಒಣಗಿಸಲು ಸಿಂಪಡಿಸಿದ ವಿಷದ ನಡುವೆ ಇದ್ದವರಿಗೆ ಬರುವ ಕಾಯಿಲೆಗಳನ್ನು ಸರ್ಕಾರವೇ ಪಟ್ಟಿ ಮಾಡಿದೆ. ಹೃದಯದ ಕಾಯಿಲೆ ಅದರಲ್ಲಿದೆ. ಒಂದು ಅರ್ಜಿ ಹಾಕೋಣ, ಒಮ್ಮೆ ಎದೆ ಪರೀಕ್ಷೆ ಮಾಡಿಸಿ ಎಂದೆ. ಲಿಯಾಂಡರ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು.

"ಅದು ಕೈಕಾಲು ಕಳ್ಕೊಂಡು ಬಂದ ಹುಡುಗರ ಪಾಲು, ಮಗು," ಎಂದರು. "ನಾನು ಲಾರಿ ಓಡಿಸಿದವನು. ಲಾರಿ ಓಡಿಸಿದ್ದಕ್ಕೆ ಯಾರಾದ್ರೂ ಪರಿಹಾರ ಕೇಳ್ತಾರಾ?"

ಅದು ಅರ್ಧ ಕಾರಣ. ಉಳಿದರ್ಧ ನನಗೆ ಗೊತ್ತಿತ್ತು. ವ್ಯಾನು ಓಡಿಸುವವರು ವರ್ಷಕ್ಕೊಮ್ಮೆ ಅದೇ ಆಸ್ಪತ್ರೆಯಲ್ಲಿ ದೇಹ ಪರೀಕ್ಷೆ ಮಾಡಿಸಿಕೊಂಡು ಡಾಕ್ಟರ ಸಹಿ ತರಬೇಕು. ಅನುಮತಿ ಪಟ್ಟಿಯಲ್ಲಿ ನಮ್ಮೂರಿನ ಹೆಸರು ಅವರದೊಂದೇ. ಮಾರ್ಚ್ ಮುಗಿಯುವುದರೊಳಗೆ ಸಹಿ ಆಗಬೇಕು. ಎದೆಯ ವಿಷಯ ಹೇಳಿದರೆ ಸಹಿ ಇಲ್ಲ, ಸಹಿ ಇಲ್ಲದಿದ್ದರೆ ವ್ಯಾನಿಲ್ಲ. ವ್ಯಾನಿಲ್ಲದಿದ್ದರೆ ನಾರ್ಬರ್ಟ್, ಕ್ಲೀತಸ್, ಕ್ರಿಸ್ಟಾ ಮತ್ತಿತರರು ಮೂರು ಗಂಟೆ ದೂರದ ಆಸ್ಪತ್ರೆಗೆ ಹೋಗುವುದು ಹೇಗೆ? ಇದನ್ನೆಲ್ಲ ಯೋಚಿಸಿಯೇ ಅವರು ಬಾಯಿ ಮುಚ್ಚಿಕೊಂಡಿದ್ದರು. ಪರೀಕ್ಷೆಯಲ್ಲಿ ಹೇಗಾದರೂ ದಾಟಿಬಿಡಬೇಕು, ಮುಂದಿನದು ಮುಂದಿನ ವರ್ಷಕ್ಕೆ. ಮುಂದಿನ ವರ್ಷ ಅವರು ಇರುತ್ತಾರೆಯೇ ಎಂಬುದು ನಮ್ಮ ಚಿಂತೆ.

ಪರೀಕ್ಷೆಯ ದಿನವೂ ಮಂಗಳವಾರವೇ. ಆ ದಿನದ ಕಥೆ ನನಗೆ ಸಿಕ್ಕಿದ್ದು ಕ್ಲೀತಸ್ ಮತ್ತು ಮೋನಿಕಾಳಿಂದ. ಇಬ್ಬರ ಕಥೆಯೂ ಹೊಂದಿಕೆಯಾಗುತ್ತದೆ, ಯಾರು ಹೆಚ್ಚು ಜಾಣರು ಎಂಬುದೊಂದನ್ನು ಬಿಟ್ಟು.

ಈಸ್ಟರಿಗೆ ಮುಂಚೆ ಇಷ್ಟದ್ದೊಂದನ್ನು ಬಿಟ್ಟು ವ್ರತ ಹಿಡಿಯುವ ತಪಸ್ಸು ಕಾಲ ನಡೆಯುತ್ತಿತ್ತು. ಈ ಸಲ ಲಿಯಾಂಡರ್ ರೇಡಿಯೋದ ರಾಜಕೀಯ ಚರ್ಚೆ ಕೇಳುವುದನ್ನು ದೇವರಿಗಾಗಿ ಬಿಟ್ಟಿದ್ದರು. ವ್ಯಾನಿನಲ್ಲಿ ರೇಡಿಯೋ ಇಲ್ಲದೆ ಬಣಬಣ. ಅಂದು ಕ್ಲೀತಸ್ ಪಾಠದ ಮೇಷ್ಟರಾದರು. ನಾನೀಗ ಡಾಕ್ಟರು, ಜನರಲ್ ಸಾಹೇಬರು ಹೇಗಿದ್ದೀರಿ ಎಂದರು. ಲಿಯಾಂಡರ್ ರಸ್ತೆ ನೋಡುತ್ತ, ದೂರೋಕೆ ಏನಿಲ್ಲ ಎಂದರು. ಹಿಂದಿನಿಂದ ನಾರ್ಬರ್ಟ್, ನಪಾಸು, ಮತ್ತೆ ಮೊದಲಿಂದ ಎಂದರು. ಎಲ್ಲಿ ನೋವು? ಹಿಂದಿನ ಸೀಟಲ್ಲಿ, ಒಬ್ಬ ಡೆಮಾಕ್ರಟ್ ರೂಪದಲ್ಲಿ. ಎಂದಿನಿಂದ? ಹನ್ನೊಂದು ವರ್ಷದಿಂದ. ವ್ಯಾನೆಲ್ಲ ನಕ್ಕಿತು. ಕ್ರಿಸ್ಟಾ ಮಾತ್ರ ನಗಲಿಲ್ಲ. ನಗುವಾಗ ಲಿಯಾಂಡರ್ ಒಂದು ಕೈಯಿಂದ ಎದೆ ಒತ್ತಿಕೊಂಡದ್ದನ್ನು ಅವಳು ಕನ್ನಡಿಯಲ್ಲಿ ಕಂಡಳು. ಮೋನಿಕಾ ಕನ್ನಡಿಯಿಲ್ಲದೆಯೇ ಕಂಡಳು.

ಆಸ್ಪತ್ರೆಯಲ್ಲಿ ಎಲ್ಲರೂ ತಮ್ಮ ತಮ್ಮ ಬಾಗಿಲು ಹಿಡಿದು ಹೋದರು. ಸ್ವಯಂಸೇವಕರ ಪರೀಕ್ಷೆ ಮಾಡುತ್ತಿದ್ದವರು ಡಾಕ್ಟರ್ ವಿಟ್ಲಾಕ್ ಎಂಬ ಹೆಂಗಸು, ನೌಕಾಪಡೆಯಲ್ಲಿದ್ದು ಬಂದವರು. ಮೊದಲು ಮೋನಿಕಾಳದ್ದು. ರಕ್ತದೊತ್ತಡ ಚೆನ್ನಾಗಿದೆ ಎಂದು ಅವಳ ಹಾಳೆಗೆ ಸಹಿ ಬಿತ್ತು. ಅವಳು ಎದ್ದು ಹೋಗದೆ ಅಪ್ಪನ ಪಕ್ಕದ ಕುರ್ಚಿಯಲ್ಲೇ ಉಳಿದಳು. ಡಾಕ್ಟರು ಲಿಯಾಂಡರನತ್ತ ತಿರುಗಿ ಹೇಗಿದ್ದೀರಿ ಎಂದರು.

ದೂರೋಕೆ ಏನಿಲ್ಲ ಎಂದರು ಲಿಯಾಂಡರ್. ಉಸಿರಾಟ? ಒಳಗೆ ಹೋಗುತ್ತೆ, ಹೊರಗೆ ಬರುತ್ತೆ. ಎದೆ ನೋವು? ಹೆಂಡತಿಯ ಅಡುಗೆ ಜಾಸ್ತಿ ತಿಂದಾಗ ಎಂದರು. ಡಾಕ್ಟರು ಬರೆಯಲು ಪೆನ್ನು ಎತ್ತಿದರು.

"ಸುಳ್ಳು," ಎಂದಳು ಮೋನಿಕಾ. "ಅಪ್ಪ ಮೆಟ್ಟಿಲಲ್ಲಿ ಮೂರು ಸಲ ನಿಂತ್ಕೋತಾರೆ. ಹಾಸಿಗೇಲಿ ಮಲಗಲ್ಲ, ಕುರ್ಚೀಲೇ ಮಲಗ್ತಾರೆ. ಎದೆ ತಿಕ್ಕೋತಾರೆ. ಅಮ್ಮ ಬಂದ್ರೆ ಅಂಗಿ ಗುಂಡಿ ಹಾಕ್ಕೊಳ್ಳೋ ಥರ ನಟನೆ ಮಾಡ್ತಾರೆ. ಆ ಗುಂಡಿ ಯಾವಾಗ್ಲೂ ಹಾಕೇ ಇರುತ್ತೆ."

ಲಿಯಾಂಡರ್ ಅವಳ ಕಡೆ ನೋಡಿದ ನೋಟಕ್ಕೆ ಅವಳು ಹೆದರಲಿಲ್ಲ. ನೀವೇ ತಾನೇ ಹೇಳಿದ್ದು, ಕಡಿಮೆ ಮಾಡಿ ಹೇಳೋದೂ ಸುಳ್ಳೇ ಅಂತ, ಅದೂ ತಪಸ್ಸು ಕಾಲದಲ್ಲಿ, ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟು ಲಿಯಾಂಡರನ ಬೂಟು ಬಿಚ್ಚಿಸಿದರು.

ಮುಂದಿನ ಎರಡು ಗಂಟೆಯಲ್ಲಿ ಎದೆಗೆ ತಂತಿ ಅಂಟಿಸಿದರು, ರಕ್ತ ತೆಗೆದರು, ಚಿತ್ರ ತೆಗೆದರು. ಹೃದಯದ ಮೂರು ನಾಳ ಕಟ್ಟಿಕೊಂಡಂತಿವೆ, ಮರುದಿನ ಬೆಳಿಗ್ಗೆಯೇ ಒಳಗೆ ನಳಿಗೆ ಹಾಕಿ ನೋಡಬೇಕು, ಬಹುಶಃ ಎದೆ ತೆರೆಯಬೇಕು ಎಂದರು. ಅನುಮತಿ ಹಾಳೆ ಸಹಿಯಿಲ್ಲದೆ ಮೇಜಿನ ಮೇಲೆ ಉಳಿಯಿತು. ನಾಲ್ಕನೇ ಮಹಡಿಯಲ್ಲಿ ಹಾಸಿಗೆ ಕೊಟ್ಟರು. ಲಿಯಾಂಡರ್ ಹಾಸಿಗೆಯ ಮೇಲೆ ಮಲಗಲಿಲ್ಲ, ಅಂಚಿನಲ್ಲಿ ಕುಳಿತರು. ಬೆನ್ನ ಹಿಂದೆ ತೆರೆದುಕೊಳ್ಳುವ ಆಸ್ಪತ್ರೆಯ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಕೆಳಗೆ ಐದು ಜನ ಕಾಯುತ್ತಿದ್ದಾರೆ, ಅವರನ್ನು ಮನೆ ಮುಟ್ಟಿಸಿ ನಾಳೆ ಬೇಕಾದರೆ ಬರುತ್ತೇನೆ ಎಂದು ಹಟ ಹಿಡಿದರು. ನೀವು ಓಡಿಸುವಂತಿಲ್ಲ ಎಂದರೆ, ಮತ್ತೆ ಯಾರು ಓಡಿಸುತ್ತಾರೆ ಹೇಳಿ ಎಂದರು. ಪಟ್ಟಿಯಲ್ಲಿ ಹೆಸರಿಲ್ಲದವರು ಆ ವ್ಯಾನಿನ ಕೀಲಿ ಮುಟ್ಟುವಂತಿಲ್ಲ. ಡಾಕ್ಟರು ಚಿಕಿತ್ಸೆಗೆ ಒಪ್ಪಿಗೆಯ ಕಾಗದವನ್ನು ಅವರ ತೊಡೆಯ ಮೇಲಿಟ್ಟು ಹೋದರು. ಲಿಯಾಂಡರ್ ಅದನ್ನು ಮಡಚಿ ದಿಂಬಿನ ಕೆಳಗೆ ತಳ್ಳಿದರು.

ಕ್ರಿಸ್ಟಾ ನನಗೆ ಫೋನ್ ಮಾಡಿದಾಗ ಹನ್ನೆರಡೂವರೆ. ನಾನು ಬರ್ನಿಟಾಳಿಗೆ ಹೇಳಿದೆ. ಅವರು ಫೋನಿಟ್ಟು, ಫಾದರ್ ಕ್ವಿಂಟಿನ್ ಮನೆಗೆ ನಡೆದರು. ಚರ್ಚಿನ ಬಸ್ಸಿನ ಕೀಲಿ ಫಾದರ್ ಬಳಿ ಇರುತ್ತದೆ.

ಈ ನಡುವೆ ಕ್ಲೀತಸ್ ಮೇಲೆ ಹೋಗಿ ಕುರ್ಚಿ ಎಳೆದು ಕುಳಿತರು. ಮೋನಿಕಾ ಕಿಟಕಿಯ ಬಳಿ ಇದ್ದಳು. ಸ್ವಲ್ಪ ಹೊತ್ತು ಅಂಗಿಯ ಬಗ್ಗೆ ತಮಾಷೆ ನಡೆಯಿತು. ಜನರಲ್ ಸಾಹೇಬರ ಹಿಂಭಾಗದ ಕಾವಲು ಬಿಗಿಯಾಗಿಲ್ಲ ಎಂದು ಕ್ಲೀತಸ್ ಹೇಳಿದರಂತೆ. ಲಿಯಾಂಡರ್ ನಗಲಿಲ್ಲ.

"ಏನು ನಾಚಿಕೆ ನಿಂಗೆ?" ಎಂದು ಕ್ಲೀತಸ್ ಕೇಳಿದರು. "ಜನವರಿ ಚಳೀಲಿ ಹೋಗಿ ಪ್ರತಿ ಜೀವಾನೂ ದೇವ್ರು ಕೊಟ್ಟಿದ್ದು ಅಂತ ಬೋರ್ಡು ಹಿಡ್ಕೊಂಡು ನಿಲ್ತೀಯ. ನಿಂದು ಯಾರು ಕೊಟ್ಟಿದ್ದು ಮಾರಾಯ, ವಿದ್ಯುತ್ ಸಂಘದೋರಾ?"

"ಮಗುವಿನ ವಿಷಯ ಬೇರೆ," ಎಂದರು ಲಿಯಾಂಡರ್. "ನಾನು ಎಪ್ಪತ್ತೇಳು. ಬದುಕಿ ಆಯ್ತು. ಗಾಡಿ ಓಡಿಸೋವರೆಗೆ ನಾಲ್ಕು ಜನಕ್ಕೆ ಉಪಯೋಗ. ಅದೂ ಹೋದ್ರೆ ನಾನು ಯಾವ ಕೆಲಸಕ್ಕೆ ಬರ್ತೀನಿ ಹೇಳು."

ಕ್ಲೀತಸ್ ತಲೆ ತಿರುಗಿಸಿ ಕಿಟಕಿಯ ಕಡೆ ನೋಡಿದರು. ಮೋನಿಕಾ ಬೆನ್ನು ಹಾಕಿ ನಿಂತು, ಕೆಳಗೆ ನಿಲ್ಲುವ ಕಾರುಗಳ ಬಣ್ಣ ಹೇಳುತ್ತಿದ್ದಳು.

"ಯಾವ ಕೆಲಸಕ್ಕೂ ಬರಲ್ಲ ಅಂತ ಅವತ್ತು ಆ ಡಾಕ್ಟರೂ ಹೇಳಿದ್ನಲ್ವಾ," ಎಂದರು ಕ್ಲೀತಸ್ ಮೆಲ್ಲಗೆ. "ನಲವತ್ತು ವರ್ಷದಿಂದ ಅವನ್ನ ಬೈತಾ ಬಂದಿದೀಯ. ಇವತ್ತು ಅವನ ಪಕ್ಷಕ್ಕೆ ಸೇರ್ಕೊಂಡ್ಯಾ?"

ಈ ಭಾಗ ಹೇಳುವಾಗ ಕ್ಲೀತಸ್ ನನ್ನ ಮುಖ ನೋಡಲಿಲ್ಲ. ತಾನು ಹಾಗೆ ಹೇಳಬಾರದಿತ್ತೇನೋ ಎಂದರು. ಐವತ್ತೆಂಟು ವರ್ಷದ ಗೆಳೆಯ ಲಿಯಾಂಡರ್ ಗೋಡೆಯ ಕಡೆ ಮುಖ ಮಾಡಿದರಂತೆ. ಕ್ಲೀತಸ್ ಟೋಪಿ ಹಾಕಿಕೊಂಡು ಕೆಳಗಿಳಿದರು.

ನಾಲ್ಕು ಗಂಟೆಗೆ ಚರ್ಚಿನ ಬಸ್ಸು ಆಸ್ಪತ್ರೆಯ ಮುಂದೆ ನಿಂತಿತು. ಆ ಬಸ್ಸಿನ ವಿಷಯ ಹೇಳಬೇಕು. ಜನವರಿಯ ಮೆರವಣಿಗೆಗೆಂದು ಭಕ್ತರು ಅದರ ಒಂದು ಪಕ್ಕಕ್ಕೆ ಬಣ್ಣ ಹೊಡೆಸಿದ್ದರು. ಮೂರು ಕಿಟಕಿಯಷ್ಟು ಉದ್ದಕ್ಕೆ ಮಲಗಿದ ಗುಲಾಬಿ ಬಣ್ಣದ ಮಗು, ಅದರ ಕೆಳಗೆ ನಮ್ಮೆಲ್ಲರ ಪರವಾಗಿ, ಪ್ರತಿ ಜೀವವೂ ದೇವರ ಕೊಡುಗೆ ಎಂದು ಸಾರುವ ದೊಡ್ಡ ಅಕ್ಷರ. ಬರೆದ ಕಲಾವಿದ ನಮ್ಮೂರಿನ ಹಾಲಿನ ಡೇರಿಗೆ ಕರು ಬರೆದು ಪಳಗಿದವನು, ಆದ್ದರಿಂದ ಮಗುವಿನ ಕಣ್ಣು ಸ್ವಲ್ಪ ದೊಡ್ಡದು. ಈ ಬಸ್ಸು ಕಂಡರೆ ಕ್ಲೀತಸ್ ರಸ್ತೆ ದಾಟಿ ಆ ಕಡೆಗೆ ಹೋಗುತ್ತಿದ್ದರು. ಹುಟ್ಟುವ ಮಗುವಿನ ಬಗ್ಗೆ ಅವರಿಗೇನೂ ಕೋಪವಿಲ್ಲ, ಅದನ್ನು ಬಸ್ಸಿಗೆ ಬರೆದು ವೋಟು ಕೇಳುವುದಕ್ಕೆ ಕೋಪ.

ಬರ್ನಿಟಾ ಬಸ್ಸಿನಿಂದ ಇಳಿದು ನೇರ ಮೇಲೆ ಹೋದರು. ಗಂಡನನ್ನು ಬೈಯಲಿಲ್ಲ. ತಂದಿದ್ದ ಚೀಲದಿಂದ ಹಲ್ಲುಜ್ಜುವ ಬ್ರಷ್ಷು, ಜಪಮಾಲೆ, ಒಂದು ವಾರಕ್ಕಾಗುವಷ್ಟು ಒಳಉಡುಪು ತೆಗೆದು ಮೇಜಿನ ಖಾನೆಯಲ್ಲಿ ಜೋಡಿಸಿದರು. ಒಂದು ವಾರದ ಬಟ್ಟೆ ಕಂಡ ಲಿಯಾಂಡರ್, ಕೆಳಗಿನವರು ಎಲ್ಲಿದ್ದಾರೆ ಎಂದು ಕೇಳಿದರು. ಫಾದರ್ ಹತ್ತಿಸಿಕೊಳ್ಳುತ್ತಿದ್ದಾರೆ ಎಂದರು ಬರ್ನಿಟಾ. ಕ್ಲೀತಸನೂನಾ? ಆ ಬಸ್ಸಿಗಾ? ಬರ್ನಿಟಾ ಉತ್ತರಿಸುವ ಮೊದಲೇ ಮೋನಿಕಾ ಕಿಟಕಿಯಿಂದ ಕೂಗಿದಳು, ಹತ್ತುತ್ತಾ ಇದಾರೆ ಅಂತ.

ಲಿಯಾಂಡರ್ ಅಂಗಿ ಹಿಡಿದುಕೊಂಡು, ಎದೆಯ ತಂತಿಗಳನ್ನು ಎಳೆದುಕೊಂಡು ಕಿಟಕಿಗೆ ಬಂದರು. ಕೆಳಗೆ ನಾರ್ಬರ್ಟ್ ಒಂದೊಂದೇ ಮೆಟ್ಟಿಲು ಹತ್ತಿ ಒಳಗಾದರು. ಕ್ಲೀತಸ್ ಬಾಗಿಲ ಬಳಿ ನಿಂತೇ ಇದ್ದರು. ಬಸ್ಸಿನ ಆಚೆ ಪಕ್ಕದಲ್ಲಿ, ಚಿತ್ರವಿಲ್ಲದ ಕಡೆ ಜಾಗವಿದೆಯೇ ಎಂದು ಕೇಳುತ್ತಿದ್ದರೆಂದು ಆಮೇಲೆ ತಿಳಿಯಿತು. ಆ ಕಡೆಯ ಸೀಟುಗಳ ಮೇಲೆ ಫಾದರ್ ಈಸ್ಟರಿನ ಹೂಕುಂಡ ತುಂಬಿಕೊಂಡು ಬಂದಿದ್ದರು. ಬಂದ ದಾರಿಯಲ್ಲಿ ಅವನ್ನೂ ಕೊಂಡು ಕೆಲಸ ಮುಗಿಸಿದ್ದರು. ಕ್ಲೀತಸ್ ಹತ್ತಿದರು. ಈ ಕಡೆಯ ಕಿಟಕಿಯಲ್ಲಿ, ಗುಲಾಬಿ ಮಗುವಿನ ಹಣೆಯ ಮೇಲೆ ಸರಿಯಾಗಿ, ಅವರ ಟೋಪಿ ಕಾಣಿಸಿಕೊಂಡಿತು. ಅವರು ಮೇಲೆ ನೋಡಿದರು, ನಾಲ್ಕನೇ ಮಹಡಿಯ ಕಿಟಕಿಯಲ್ಲಿ ಅಂಗಿ ಹಿಡಿದು ನಿಂತವರನ್ನು ಕಂಡರು, ಒಂದು ಕ್ಷಣ ತಡೆದು, ಎಣಿಸಿ ಕೊಟ್ಟಂತೆ ಒಂದೇ ಒಂದು ಸಲ್ಯೂಟ್ ಹೊಡೆದರು.

ಲಿಯಾಂಡರ್ ನಗಲು ಶುರುಮಾಡಿದರು. ಮೊದಲು ಸದ್ದಿಲ್ಲದೆ, ಆಮೇಲೆ ಮೈಯೆಲ್ಲ ಕುಲುಕಿಸಿ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ನಿಲ್ಲಿಸಲಾಗಲಿಲ್ಲ. ಹಾಸಿಗೆಯ ಪಕ್ಕದ ಯಂತ್ರ ಕೂಗಿಕೊಂಡಿತು. ನರ್ಸು ಓಡಿಬಂದು ಅವರನ್ನು ಹಿಡಿದು ಕೂರಿಸಿ, ಏನಾಯಿತು, ನೋವಿದೆಯಾ ಎಂದು ಕೇಳಿದಳು.

ಬರ್ನಿಟಾ ಗಂಡನ ಮುಖ ನೋಡಿದರು. ಮೋನಿಕಾ ಬಾಯಿ ತೆರೆಯಹೋದಳು. ಲಿಯಾಂಡರ್ ಕೈ ಎತ್ತಿ ಅವಳನ್ನು ತಡೆದರು.

"ಇದೆ," ಎಂದರು. "ಇಲ್ಲಿ. ಮೆಕ್ಕೆಜೋಳ ಕೊಯ್ಲಿನ ಕಾಲದಿಂದ ಇದೆ. ರಾತ್ರಿ ಮಲಗೋಕಾಗಲ್ಲ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ಮಗಳ ಬೂಟಿನ ಲೇಸು ಕಟ್ಟೋಕೆ ಬಗ್ಗಿದ್ರೆ ಕಣ್ಣು ಕತ್ತಲೆ ಬರುತ್ತೆ. ಅವಳೇ ಕಟ್ಕೋತಾಳೆ ಈಗ. ನಾನು ಕಟ್ಟಿದ ಹಾಗೆ ನಟನೆ ಮಾಡ್ತೀನಿ."

ಬರ್ನಿಟಾ ದಿಂಬು ಸರಿಪಡಿಸಲು ಎತ್ತಿದಾಗ ಮಡಚಿದ ಕಾಗದ ಸಿಕ್ಕಿತು. ಅದನ್ನು ಬಿಡಿಸಿ, ಅಂಗೈಯಿಂದ ತೀಡಿ ನೇರ ಮಾಡಿ, ಗಂಡನ ಮುಂದಿಟ್ಟು ಪೆನ್ನು ಕೊಟ್ಟರು. ಸಹಿ ಎಲ್ಲಿ ಹಾಕಬೇಕು ಎಂದು ತೋರಿಸಿದ್ದು ಮೋನಿಕಾ. ಹಾಕಿದ ಮೇಲೆ ಅವಳು ತನ್ನ ಪಟ್ಟಿ ತೆಗೆದು, ಅಪ್ಪನ ಹೆಸರನ್ನು ಚಾಲಕರ ಸಾಲಿನಲ್ಲಿ ಹೊಡೆದು, ರೋಗಿಗಳ ಸಾಲಿನ ಕೊನೆಯಲ್ಲಿ ಬರೆದುಕೊಂಡಳು.